ಬಾನೆಟ್ ಎತ್ತಬಲ್ಲವರ ಕಾರು

ಮುಂಬೈನ ತಾರ್ದೇವ್ ಆರ್‌ಟಿಒದಲ್ಲಿ 2003ರ ಅಕ್ಟೋಬರ್ 29ರಂದು ಒಂದು ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯಾಗಿ ನೋಂದಣಿಯಾಯಿತು. ಆ ಊರಿನ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಆ ಮಾದರಿಯ ಕೊನೆಯ ಗಾಡಿ ಅದೇ. ಅಲ್ಲಿ ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ ಇದೆ. ಹಾಗಾಗಿ 2023ರ ಅಕ್ಟೋಬರ್ 30ರಿಂದ ಮುಂಬೈನಲ್ಲಿ ಪದ್ಮಿನಿ ಟ್ಯಾಕ್ಸಿ ಸಿಗುವುದಿಲ್ಲ. ಸುದ್ದಿ ಓದಿದ ಬಹಳಷ್ಟು ಮಂದಿ ಕಾರಿನ ಕಥೆಯೇ ಮುಗಿಯಿತು ಎಂದುಕೊಂಡರು. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯ ಹಳೆಯ ಬಡಾವಣೆಗಳಲ್ಲಿ ಭಾನುವಾರ ಬೆಳಗ್ಗೆ ಅಡ್ಡಾಡಿದವರಿಗೆ ಮಾತ್ರ ಬೇರೆಯೇ ಗೊತ್ತು. ಯಾವುದೋ ಒಂದು ಗೇಟಿನೊಳಗೆ ಬಾನೆಟ್ ಎತ್ತಿದ ಪದ್ಮಿನಿ ನಿಂತಿರುತ್ತದೆ, ಪಕ್ಕದಲ್ಲಿ ಮಾಲೀಕರು ಬನಿಯನ್ ತೊಟ್ಟು, ಕೈಯಲ್ಲಿ ಸ್ಪಾನರ್ ಹಿಡಿದು ಬಗ್ಗಿರುತ್ತಾರೆ. ಇಷ್ಟು ವರ್ಷ ಈ ಕಾರುಗಳು ಓಡುತ್ತಿರುವುದಕ್ಕೆ ದೊಡ್ಡ ಕಾರಣ ಆ ಕೈಗಳಿಗೆ ಹತ್ತಿದ ಗ್ರೀಸು.

ಈ ಕಾರಿಗೂ ಕರ್ನಾಟಕಕ್ಕೂ ಇರುವ ನಂಟು ಹೆಚ್ಚಿನವರಿಗೆ ಗೊತ್ತಿಲ್ಲ. ಭಾರತದಲ್ಲೇ ಮೋಟಾರು ಕಾರು ತಯಾರಾಗಬೇಕು ಎಂದು 1930ರ ದಶಕದಲ್ಲಿ ಪಟ್ಟು ಹಿಡಿದು ಓಡಾಡಿದವರು ಸರ್ ಎಂ. ವಿಶ್ವೇಶ್ವರಯ್ಯ. 1935ರಲ್ಲಿ ಅವರು ಯುರೋಪು, ಅಮೆರಿಕಗಳ ಕಾರು ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದರು. ಕಾರ್ಖಾನೆ ಬೆಂಗಳೂರಿಗೆ ಬರಲಿ ಎಂಬ ಪ್ರಯತ್ನವೂ ನಡೆಯಿತು. ಮೈಸೂರು ಸಂಸ್ಥಾನ ಆಸಕ್ತಿ ತೋರಿದರೂ ಬ್ರಿಟಿಷ್ ಸರ್ಕಾರ ಒಪ್ಪದೆ ಅದು ಕೈಗೂಡಲಿಲ್ಲ. ಆ ಯೋಜನೆಯ ಜೊತೆಗಿದ್ದ ಉದ್ಯಮಿ ವಾಲ್‌ಚಂದ್ ಹಿರಾಚಂದ್ 1940ರಲ್ಲಿ ಮೈಸೂರು ಸರ್ಕಾರದೊಡನೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು; ಕಾರಿನ ಕಂಪನಿ ಮಾತ್ರ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಹುಟ್ಟಿತು. ಕುರ್ಲಾದ ಆ ಕಾರ್ಖಾನೆಯಿಂದ 1964ರಲ್ಲಿ ಫಿಯೆಟ್ 1100 ಡಿಲೈಟ್ ಹೊರಬಂತು. 1974ರಿಂದ ಅದೇ ಕಾರಿಗೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು. ಹೊಸ ಶತಮಾನ ಕಾಲಿಡುವವರೆಗೂ ಅದರ ತಯಾರಿಕೆ ನಡೆಯಿತು. ನಮ್ಮ ಜನ ಹೆಸರು ಬದಲಾದದ್ದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಅವರಿಗೆ ಅದು ಕೊನೆಯವರೆಗೂ ಫಿಯೆಟ್ಟೇ.

ಪ್ರಧಾನಿಯಾಗಿದ್ದಾಗ ಲಾಲ್ ಬಹಾದ್ದೂರ್ ಶಾಸ್ತ್ರಿ ಕೊಂಡದ್ದು ಇದೇ ಕಾರನ್ನು. ಬೆಲೆ 12,000 ರೂಪಾಯಿ. ಕೈಯಲ್ಲಿದ್ದದ್ದು ಏಳು ಸಾವಿರ, ಉಳಿದ ಐದು ಸಾವಿರಕ್ಕೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ. ಅವರು ತೀರಿಹೋದ ಮೇಲೆ ಪತ್ನಿ ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ಆ ಸಾಲ ತೀರಿಸಿದರು. ಮಧ್ಯಮ ವರ್ಗದ ಮನೆಗಳಲ್ಲಿ ಕಾರು ಎಂದರೆ ಎಷ್ಟು ಬೆಲೆಬಾಳುವ ವಸ್ತುವಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಬುಕ್ ಮಾಡಿ ವರ್ಷಗಟ್ಟಲೆ ಕಾದು ಪಡೆದ ಕಾರನ್ನು ಮಾಲೀಕರು ತಾವೇ ತೊಳೆದು, ತಾವೇ ಬಿಚ್ಚಿ, ತಾವೇ ಜೋಡಿಸುತ್ತಿದ್ದರು. 2019ರಲ್ಲಿ ಜಗ್ಗೇಶ್ ಅಭಿನಯದ ಕನ್ನಡ ಚಿತ್ರಕ್ಕೆ ‘ಪ್ರೀಮಿಯರ್ ಪದ್ಮಿನಿ’ ಎಂದೇ ಹೆಸರಿಟ್ಟರು. ಆ ಹೆಸರಿನ ಸೆಳೆತ ಇನ್ನೂ ಅಷ್ಟಿದೆ.

ಬಾನೆಟ್ ಎತ್ತಿದರೆ ಕಾಣುವುದು 1089 ಸಿಸಿಯ, ನಾಲ್ಕು ಸಿಲಿಂಡರಿನ ಎಂಜಿನ್. ಶಕ್ತಿ ಸುಮಾರು 40 ಅಶ್ವಶಕ್ತಿ. ಎಂಜಿನ್ನಿನ ಸುತ್ತ ಕೈ ಆಡಿಸಲು ಧಾರಾಳ ಜಾಗ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಗಾಳಿ-ಪೆಟ್ರೋಲನ್ನು ಬೆರೆಸಲು ಕಾರ್ಬುರೇಟರ್, ಕಿಡಿ ಹಂಚಲು ಡಿಸ್ಟ್ರಿಬ್ಯೂಟರ್, ಕ್ಯಾಮ್ ದಂಡದ ತಳ್ಳಿಕೆಯಿಂದ ಓಡುವ ಪೆಟ್ರೋಲ್ ಪಂಪು. ಸ್ಟಿಯರಿಂಗ್ ಪಕ್ಕದಲ್ಲೇ ಹ್ಯಾಂಡ್ ಗೇರ್. ಪ್ರತಿ ಭಾಗವೂ ಮಾಡುವ ಕೆಲಸ ಕಣ್ಣಿಗೆ ಕಾಣುತ್ತದೆ, ಕೆಟ್ಟರೆ ಕೆಟ್ಟದ್ದೂ ಕಾಣುತ್ತದೆ. ಕಾರು ಕಲಿಯಬೇಕೆನ್ನುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ.

ಗಾಡಿ ಸ್ಟಾರ್ಟ್ ಆಗದಿದ್ದರೆ ಹಳೆಯ ಮೆಕ್ಯಾನಿಕ್‌ಗಳು ಹೇಳುವ ಮಾತು ಒಂದೇ: “ಮೊದಲು ಕರೆಂಟ್ ನೋಡಿ ಸಾರ್, ಆಮೇಲೆ ಪೆಟ್ರೋಲ್.” ಒಂದು ಪ್ಲಗ್ ಬಿಚ್ಚಿ, ಅದರ ವೈರಿಗೆ ಸಿಕ್ಕಿಸಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿದರೆ ಸಾಕು. ಪೆಟ್ರೋಲ್ ಚೆಲ್ಲಿದ್ದರೆ, ಸೋರುತ್ತಿದ್ದರೆ ಈ ಪರೀಕ್ಷೆ ಮಾಡಲೇಬಾರದು. ನೀಲಿ ಕಿಡಿ ಚಟಚಟ ಹಾರಿದರೆ ಕರೆಂಟ್ ಚೆನ್ನಾಗಿದೆ, ಇನ್ನು ಪೆಟ್ರೋಲಿನ ಕಡೆ ಹೋಗಬಹುದು. ಕಿಡಿ ಕೆಂಪಗೆ, ಮಂಕಾಗಿದ್ದರೆ ಡಿಸ್ಟ್ರಿಬ್ಯೂಟರ್ ತೆರೆಯುವ ಕೆಲಸ ಶುರು.

ಎರಡು ಕ್ಲಿಪ್ ಬಿಡಿಸಿ ಕ್ಯಾಪ್ ಎತ್ತಿದರೆ ರೋಟರ್. ಅದನ್ನೂ ಎಳೆದು ತೆಗೆದರೆ ಕೆಳಗೆ ಪಾಯಿಂಟ್ ಸೆಟ್. ನಡುವಿನ ದಂಡದಲ್ಲಿ ನಾಲ್ಕು ಉಬ್ಬುಗಳಿವೆ. ದಂಡ ತಿರುಗಿದಂತೆ ಒಂದೊಂದು ಉಬ್ಬೂ ಬಂದು ಪಾಯಿಂಟಿನ ಫೈಬರ್ ಹಿಮ್ಮಡಿಯನ್ನು ತಳ್ಳುತ್ತದೆ. ಪಾಯಿಂಟ್ ತೆರೆದುಕೊಂಡು ಕಾಯಿಲ್‌ನಲ್ಲಿ ಹರಿಯುತ್ತಿದ್ದ ಕರೆಂಟ್ ಕಡಿದುಹೋಗುತ್ತದೆ. ಆ ಕ್ಷಣಕ್ಕೆ ಕಾಯಿಲ್‌ನ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನ ತುದಿಯಲ್ಲಿ ಕಿಡಿಯಾಗುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ಪಾಯಿಂಟ್ ನಿಮಿಷಕ್ಕೆ 6000 ಬಾರಿ, ಅಂದರೆ ಸೆಕೆಂಡಿಗೆ 100 ಬಾರಿ ತೆರೆದು ಮುಚ್ಚುತ್ತದೆ. ಇಷ್ಟು ದುಡಿದ ಮೇಲೆ ಫೈಬರ್ ಸವೆಯುವುದು ಸಹಜ. ಹಿಮ್ಮಡಿ ಸವೆದಂತೆ ಪಾಯಿಂಟಿನ ಸಂದು ಕಿರಿದಾಗುತ್ತದೆ, ಕಿಡಿ ತಡವಾಗಿ ಹಾರುತ್ತದೆ. ಆಗಲೇ ‘ಪಿಕಪ್ ಇಲ್ಲ’, ‘ಮಿಸ್ಸಿಂಗ್ ಹೊಡೀತಿದೆ’ ಎಂಬ ದೂರುಗಳು ಶುರುವಾಗುವುದು.

ರಿಪೇರಿ ಕಷ್ಟದ್ದೇನಲ್ಲ. ಇಗ್ನಿಷನ್ ಕೀಲಿ ತೆಗೆದಿಟ್ಟುಕೊಂಡು, ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಮೆಲ್ಲಗೆ ತಳ್ಳುತ್ತ ಫೈಬರ್ ಹಿಮ್ಮಡಿ ಉಬ್ಬಿನ ನೆತ್ತಿಗೆ ಬರುವಂತೆ ಮಾಡಬೇಕು. ಪಾಯಿಂಟಿನ ಮುಖಗಳು ಸುಟ್ಟು ಗುಳಿ ಬಿದ್ದಿದ್ದರೆ ಹೊಸದು ಹಾಕುವುದೇ ಲೇಸು; ಬರೀ ಮಸಿ ಹಿಡಿದಿದ್ದರೆ ನಯವಾದ ಎಮರಿ ಪೇಪರಿನಿಂದ ಒರೆಸಿದರೆ ಆಯಿತು. ಸ್ಕ್ರೂ ಸಡಿಲಿಸಿ, ಸುಮಾರು 0.4 ಮಿಲಿಮೀಟರಿನ ಫೀಲರ್ ಗೇಜನ್ನು ಸಂದಿನಲ್ಲಿಟ್ಟು, ಪಟ್ಟಿ ಸ್ವಲ್ಪವೇ ತಡೆಯುತ್ತ ಜಾರುವಂತೆ ಹೊಂದಿಸಿ ಸ್ಕ್ರೂ ಬಿಗಿಯಬೇಕು. ಬಿಗಿಯುವಾಗ ಸಂದು ಕದಲುವುದುಂಟು, ಆದ್ದರಿಂದ ಇನ್ನೊಮ್ಮೆ ಅಳೆಯಲೇಬೇಕು. ಡಿಸ್ಟ್ರಿಬ್ಯೂಟರಿನ ತಯಾರಕರು ಬದಲಾದಂತೆ ಅಳತೆಯೂ ತುಸು ಬದಲಾಗುತ್ತದೆ, ಸರಿಯಾದ ಅಂಕಿಯನ್ನು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಸಂದು ಬದಲಾದರೆ ಕಿಡಿ ಹಾರುವ ಟೈಮಿಂಗ್ ಕೂಡ ಬದಲಾಗುತ್ತದೆ. ಹೊಸಬರು ಬಿಟ್ಟುಬಿಡುವುದು ಇದನ್ನೇ. ಪಾಯಿಂಟ್ ಹೊಂದಿಸಿದ ದಿನವೇ ಟೈಮಿಂಗ್ ಪರೀಕ್ಷಿಸದಿದ್ದರೆ ಅರ್ಧ ಕೆಲಸ ಮಾಡಿದ ಹಾಗೆ. ಪಾಯಿಂಟ್ ಮತ್ತೆ ಮತ್ತೆ ಬೇಗ ಸುಡುತ್ತಿದ್ದರೆ ಕಂಡೆನ್ಸರ್ ಮೇಲೆ ಅನುಮಾನ ಪಡಬೇಕು.

ಬಿಚ್ಚಿದ ಪ್ಲಗ್‌ಗಳನ್ನು ಒರೆಸುವ ಮುನ್ನ ಸಿಲಿಂಡರಿನ ಕ್ರಮದಲ್ಲೇ ಕಾಗದದ ಮೇಲೆ ಸಾಲಾಗಿ ಇಟ್ಟು ನೋಡಬೇಕು. ಬಿಸ್ಕತ್ತಿನ ಬಣ್ಣವಿದ್ದರೆ ಎಂಜಿನ್ ಸುಖವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಬೆಳ್ಳಗೆ ಸುಣ್ಣದ ಹಾಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಒಳಗೆ ಕಾವು ಹೆಚ್ಚಾಗುತ್ತಿದೆ. ಎಣ್ಣೆ ಜಿಡ್ಡು ಇದ್ದರೆ ಪಿಸ್ಟನ್ ರಿಂಗ್ ಇಲ್ಲವೇ ವಾಲ್ವ್ ಗೈಡ್ ಸವೆದಿದೆ. ಮೂರು ಪ್ಲಗ್ ಒಂದು ಬಣ್ಣ, ನಾಲ್ಕನೆಯದು ಬೇರೆ ಬಣ್ಣ ಎಂದಾದರೆ ತೊಂದರೆ ಯಾವ ಸಿಲಿಂಡರಿನಲ್ಲಿದೆ ಎಂಬುದೂ ಅಲ್ಲೇ ತಿಳಿದುಹೋಗುತ್ತದೆ.

ಟ್ಯಾಪೆಟ್ ಸದ್ದು ಬರುತ್ತಿದೆ ಎಂದು ಗ್ಯಾರೇಜಿಗೆ ಓಡುವವರು ಒಂದು ಸಂಗತಿ ತಿಳಿದಿರಬೇಕು. ನಾಲ್ಕು ಸಿಲಿಂಡರಿನ ಸಾಲು ಎಂಜಿನ್ನಿನಲ್ಲಿ 1 ಮತ್ತು 4, 2 ಮತ್ತು 3 ಜೋಡಿಗಳು. ನಾಲ್ಕನೆಯ ಸಿಲಿಂಡರಿನ ಎರಡು ವಾಲ್ವ್‌ಗಳು ಒಂದು ಮುಚ್ಚುತ್ತ ಇನ್ನೊಂದು ತೆರೆಯುತ್ತ ಇರುವ ಹೊತ್ತಿನಲ್ಲಿ ಒಂದನೆಯದರ ಎರಡೂ ವಾಲ್ವ್ ಪೂರ್ತಿ ಮುಚ್ಚಿರುತ್ತವೆ. ಒಂದನೆಯದರ ಟ್ಯಾಪೆಟ್ ಸಂದು ಹೊಂದಿಸಬೇಕಾದದ್ದು ಆಗ. ಸಂದು ಹೆಚ್ಚಾದರೆ ಸದ್ದು ಬರುತ್ತದೆ, ಅಷ್ಟೇ. ಕಡಿಮೆಯಾದರೆ ಸದ್ದೇ ಇಲ್ಲದೆ ವಾಲ್ವ್ ಸುಟ್ಟುಹೋಗುತ್ತದೆ. ಆದ್ದರಿಂದ ಸದ್ದು ಪೂರ್ತಿ ಅಡಗಿಸಿಕೊಡಿ ಎಂದು ಮೆಕ್ಯಾನಿಕ್‌ನನ್ನು ಒತ್ತಾಯಿಸುವುದು ತಪ್ಪು.

ಹಳೆಯ ಫಿಯೆಟ್ ಎಂದರೆ ಘಟ್ಟದಲ್ಲಿ ಕುದಿಯುವ ಕಾರು ಎಂಬ ಅಪವಾದ ಇದೆ. ಚಾರ್ಮಾಡಿ, ಆಗುಂಬೆ ಏರುವಾಗ ಉಗಿ ಎದ್ದ ಫಿಯೆಟ್‌ಗಳನ್ನು ನೋಡಿದವರು ಬಹಳ ಮಂದಿ ಇದ್ದಾರೆ. ಕಾರನ್ನೇ ದೂರುವ ಮೊದಲು ಅದರ ಹೊಟ್ಟೆಗೆ ಏನು ಸುರಿದಿದ್ದಾರೆ ಎಂದು ಕೇಳಬೇಕು. ಬೆಂಗಳೂರು, ಕೋಲಾರ ಕಡೆಯ ಬೋರ್‌ವೆಲ್ ಗಡಸು ನೀರು ಕಾಯಿಸುವ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವಂತೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು ಬೆರೆಸಿದ ಕೂಲಂಟ್ ಹಾಕಿ, ಫ್ಯಾನ್ ಬೆಲ್ಟ್ ಬಿಗಿ ನೋಡಿಕೊಂಡು, ರಬ್ಬರ್ ಹೋಸುಗಳನ್ನು ಹಿಚುಕಿ ಪರೀಕ್ಷಿಸಿದ ಗಾಡಿ ಘಟ್ಟ ಹತ್ತುತ್ತದೆ. ಹಿತ್ತಾಳೆ-ತಾಮ್ರದ ಹಳೆಯ ರೇಡಿಯೇಟರನ್ನು ಬೆಸುಗೆ ಹಾಕಿ ಸರಿಪಡಿಸುವವರು ಇನ್ನೂ ಇದ್ದಾರೆ. ಅದನ್ನು ಎಸೆದು ಹೊಸದಕ್ಕೆ ದುಡ್ಡು ಸುರಿಯುವ ಮುನ್ನ ಅವರಲ್ಲಿಗೊಮ್ಮೆ ಹೋಗಿಬರಬೇಕು. ಕಾವಿದ್ದಾಗ ರೇಡಿಯೇಟರ್ ಮುಚ್ಚಳ ತೆರೆದು ಮುಖ ಸುಟ್ಟುಕೊಂಡವರಿದ್ದಾರೆ. ಕೈಯಿಟ್ಟು ಮುಟ್ಟುವಷ್ಟು ತಣ್ಣಗಾಗುವವರೆಗೆ ಕಾಯಲೇಬೇಕು.

ಇಳಿಯುವಾಗಿನ ಮಾತು ಇನ್ನೂ ಗಂಭೀರ. ಈ ಕಾರಿಗೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದರೆ ಡ್ರಮ್ ಕಾದು ಹಿಡಿತ ಕಡಿಮೆಯಾಗುತ್ತದೆ. ಏರುವಾಗ ಹಾಕಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಡ್ರೈವರುಗಳ ನಿಯಮ ಈ ಕಾರಿಗೆ ಅಕ್ಷರಶಃ ಅನ್ವಯ. ಮಾದರಿ ಹಳೆಯದಾದಷ್ಟೂ ಬ್ರೇಕಿನ ಎಣ್ಣೆಗೆ ಒಂದೇ ಹಾದಿ ಇರುವ ಸಂಭವ ಹೆಚ್ಚು. ಅಂಥ ಗಾಡಿಯಲ್ಲಿ ಒಂದು ವ್ಹೀಲ್ ಸಿಲಿಂಡರ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ, ರಬ್ಬರ್ ಕಪ್ ಹರಿಯುತ್ತದೆ. ಎಣ್ಣೆಯ ಮಟ್ಟ ನೋಡುವುದು, ಚಕ್ರದ ಒಳಬದಿಯಲ್ಲಿ ಒದ್ದೆ ಕಲೆ ಇದೆಯೇ ಎಂದು ಬಗ್ಗಿ ನೋಡುವುದು ಯಾರಾದರೂ ಮಾಡಬಹುದಾದ ಕೆಲಸ. ಬ್ರೇಕ್ ಬಿಚ್ಚಿ ಜೋಡಿಸುವುದನ್ನು ಮಾತ್ರ ತಿಳಿದವರ ಪಕ್ಕ ಕೂತು ಕಲಿಯದೆ ಕೈಹಾಕಬಾರದು. ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುವುದುಂಟು, ಆ ಧೂಳನ್ನು ಬಾಯಿಂದ ಊದುವುದೂ ಪಂಪಿನಿಂದ ಹಾರಿಸುವುದೂ ಅಪಾಯ. ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು.

ಈಚಿನ ವರ್ಷಗಳಲ್ಲಿ ಹಳೆಯ ಕಾರಿನವರ ದೊಡ್ಡ ಚಿಂತೆ ಬಂಕಿನಿಂದ ಬಂದಿದೆ. ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥನಾಲ್. ಎಥನಾಲ್ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಅದೇ ಜೆಟ್ಟಿನಿಂದ ಬರುವ ಮಿಶ್ರಣ ತೆಳುವಾಗುತ್ತದೆ. ಹೊಸ ಕಾರಿನ ಕಂಪ್ಯೂಟರ್ ಇದನ್ನು ಗಮನಿಸಿ ಇಂಧನ ಹೆಚ್ಚಿಸುತ್ತದೆ. ಪದ್ಮಿನಿಯ ಕಾರ್ಬುರೇಟರಿಗೆ ಆ ಶಕ್ತಿ ಇಲ್ಲ, ಆ ಕೆಲಸ ಮಾಲೀಕರೇ ಮಾಡಬೇಕು. ಪ್ಲಗ್ ಬೆಳ್ಳಗಾಗುತ್ತಿದ್ದರೆ, ಗ್ಯಾಸ್ ಕೊಟ್ಟಾಗ ಎಂಜಿನ್ ತಡವರಿಸುತ್ತಿದ್ದರೆ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿ ನೋಡಬೇಕಾಗುತ್ತದೆ. ಅದಕ್ಕಿಂತ ತುರ್ತಿನದು ರಬ್ಬರ್. ಹಳೆಯ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್ ಎಥನಾಲಿಗೆ ಉಬ್ಬಿ, ಬಿರಿದು ಸೋರುತ್ತವೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಕಾರೇ ಹೊತ್ತಿ ಉರಿಯಬಹುದು. ಎಥನಾಲ್ ತಾಳುವ ಪೈಪು ಅಂಗಡಿಯಲ್ಲಿ ಸಿಗುತ್ತದೆ, ಅಂಥ ದುಬಾರಿಯೂ ಅಲ್ಲ. ಈ ಕಾರು ಇಟ್ಟುಕೊಂಡವರು ಮೊದಲು ಮಾಡಬೇಕಾದ ಖರ್ಚು ಅದೇ. ಎಥನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಆ ತುಕ್ಕಿನ ಪುಡಿ ಬಂದು ಜೆಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಜೆಟ್ಟನ್ನು ತಂತಿ ಹಾಕಿ ಚುಚ್ಚಿದರೆ ತೂತು ಹಿಗ್ಗುತ್ತದೆ. ಗಾಳಿಯ ಒತ್ತಡದಿಂದಲೇ ಸ್ವಚ್ಛಗೊಳಿಸಬೇಕು.

ಎಂಜಿನ್ ಎಷ್ಟು ಕೆಟ್ಟರೂ ಕಟ್ಟಿ ನಿಲ್ಲಿಸಬಹುದು. ಫಿಯೆಟ್ಟನ್ನು ಕೊಲ್ಲುವುದು ತುಕ್ಕು. ಈ ಕಾರಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲಿನ ಕೆಳಗಿನ ಪಟ್ಟಿ, ನೆಲದ ತಗಡು, ಸ್ಪ್ರಿಂಗ್ ಕೂರುವ ಜಾಗ ಇವು ತುಕ್ಕು ತಿಂದರೆ ಕಾರಿನ ಬೆನ್ನೆಲುಬೇ ಹೋಯಿತು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಇದು ಬಹಳ ಬೇಗ ಆಗುತ್ತದೆ. ಕೊಳ್ಳಲು ಹೋದವರು ಹೊಳೆಯುವ ಬಣ್ಣಕ್ಕೆ ಮರುಳಾಗದೆ ಕಾಲ್ಚಾಪೆ ಎತ್ತಿ ನೆಲ ನೋಡಬೇಕು, ಅಯಸ್ಕಾಂತ ಹಿಡಿದು ಬಾಗಿಲಿನ ಕೆಳಭಾಗ ಪರೀಕ್ಷಿಸಬೇಕು. ಅಯಸ್ಕಾಂತ ಅಂಟದಿದ್ದರೆ ಬಣ್ಣದ ಕೆಳಗೆ ಇರುವುದು ಬರೀ ಪುಟ್ಟಿ. ಒಳ್ಳೆಯ ಟಿಂಕರಿಂಗ್ ಕೆಲಸದವರು ಕೊಳೆತ ತಗಡನ್ನು ಕತ್ತರಿಸಿ ತೆಗೆದು ಹೊಸ ತಗಡು ಬೆಸೆಯುತ್ತಾರೆ. ಮೇಲೆ ತೇಪೆ ಹಚ್ಚುವವರು ತುಕ್ಕನ್ನು ಮರೆಮಾಡುತ್ತಾರೆ, ಅಷ್ಟೇ.

ಬಿಡಿಭಾಗಗಳಿಗೆ ಬೆಂಗಳೂರಿನವರು ಜೆ.ಸಿ. ರಸ್ತೆಗೂ ಶಿವಾಜಿನಗರದ ಗುಜರಿ ಸಾಲಿಗೂ ಹೋಗುತ್ತಾರೆ. ಅಲ್ಲಿ ಸಿಗದ್ದಕ್ಕೆ ಚೆನ್ನೈನ ಪುದುಪೇಟೆ, ಮುಂಬೈನ ಕುರ್ಲಾ ಇವೆ. ದಶಕಗಳ ಕಾಲ ಟ್ಯಾಕ್ಸಿಯಾಗಿ ದುಡಿದ ಕಾರಾದ್ದರಿಂದ ಸವೆಯುವ ಭಾಗಗಳು ಇನ್ನೂ ಸಿಗುತ್ತವೆ. ಗಾಜು, ಲೈಟಿನ ಚೌಕಟ್ಟು, ಮುಂಭಾಗದ ಜಾಲರಿ, ಹಿಡಿಕೆಗಳಂಥ ಅಲಂಕಾರದ ಭಾಗಗಳೇ ಕಷ್ಟ. ಬಿಚ್ಚಿದ ಹಳೆಯ ಭಾಗವನ್ನು ಎಸೆಯದೆ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗುವುದು ಜಾಣತನ. ಒಂದೇ ಹೆಸರಿನ ಭಾಗ ವರ್ಷದಿಂದ ವರ್ಷಕ್ಕೆ ಬೇರೆ ಅಳತೆಯಲ್ಲಿ ಬಂದಿರುತ್ತದೆ.

ಏನನ್ನು ಬದಲಿಸಬಹುದು, ಏನನ್ನು ಬದಲಿಸಬಾರದು ಎಂಬ ಜಗಳ ಫಿಯೆಟ್ ಪ್ರಿಯರ ನಡುವೆ ಮುಗಿಯುವಂಥದ್ದಲ್ಲ. ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿದರೆ ಟ್ರಾಫಿಕ್ಕಿನಲ್ಲಿ ನಿಂತಾಗಲೂ ಬ್ಯಾಟರಿ ತುಂಬುತ್ತದೆ, ರಾತ್ರಿ ಹೆಡ್‌ಲೈಟ್ ಮಂಕಾಗುವುದಿಲ್ಲ. ಸೀಟ್ ಬೆಲ್ಟ್ ಜೀವ ಉಳಿಸುತ್ತದೆ. ಇವೆರಡಕ್ಕೂ ಯಾರೂ ಅಡ್ಡಿ ಹೇಳಬಾರದು. ಹ್ಯಾಂಡ್ ಗೇರ್ ಕಿತ್ತು ನೆಲದ ಗೇರ್ ಕೂರಿಸುವುದು, ಬೇರೆ ಕಾರಿನ ಎಂಜಿನ್ ತುರುಕುವುದು ಮಾತ್ರ ಒಪ್ಪತಕ್ಕದ್ದಲ್ಲ. ಫಿಯೆಟ್ಟನ್ನು ಫಿಯೆಟ್ ಆಗಿಸಿರುವುದೇ ಅವು. ಎಂಜಿನ್ ಬದಲಾವಣೆಗೆ ಆರ್‌ಟಿಒ ಅನುಮತಿಯೂ ಬೇಕು.

ಕಾನೂನಿನ ಬಗ್ಗೆ ಇರುವಷ್ಟು ಗಾಳಿಸುದ್ದಿ ಇನ್ನಾವುದರ ಬಗ್ಗೆಯೂ ಇಲ್ಲ. ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರು ಓಡಿಸಬಾರದೆಂಬ ಆದೇಶ ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯಕ್ಕೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ ಆರ್‌ಟಿಒ ತಪಾಸಣೆಯಲ್ಲಿ ಗಾಡಿ ಪಾಸಾದರೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡು ಓಡಿಸಬಹುದು. ಶುಲ್ಕ ಏರಿರುವುದು ನಿಜ: 2022ರ ಏಪ್ರಿಲ್‌ನಲ್ಲಿ ಅದು 600 ರೂಪಾಯಿಯಿಂದ 5,000ಕ್ಕೆ ಏರಿತು, 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ಆಯಿತು. 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಕಾರನ್ನು 2021ರ ಜುಲೈನ ಕೇಂದ್ರದ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು. ಈಗಾಗಲೇ ನೋಂದಣಿ ಇದ್ದ ಕಾರಿಗೆ ಹಳೆಯ ನಂಬರನ್ನೇ ಉಳಿಸಿಕೊಳ್ಳಲು ಅವಕಾಶ ಇರುವುದರಿಂದ, ಮೈಸೂರು ರಾಜ್ಯದ ಕಾಲದ ‘ಎಂವೈ’ ಫಲಕವೂ ಉಳಿಯುತ್ತದೆ. ಆದರೆ ವಿಂಟೇಜ್ ನೋಂದಣಿಯ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ತರಕಾರಿ ತರಲು, ಮಗಳನ್ನು ಶಾಲೆಗೆ ಬಿಡಲು ಫಿಯೆಟ್ ಬೇಕೆನ್ನುವವರು ಮಾಮೂಲಿ ನೋಂದಣಿಯಲ್ಲೇ ಮುಂದುವರಿಯುವುದು ಸರಿ. ಸರ್ಕಾರವೂ ಕಾರಿನ ವಯಸ್ಸಿಗಿಂತ ಅದರ ಬ್ರೇಕು, ಹೊಗೆ, ತಗಡು ನೋಡಿ ತೀರ್ಮಾನಿಸುವುದೇ ನ್ಯಾಯ.

ಪಾಯಿಂಟ್, ಕಾರ್ಬುರೇಟರ್ ಕಂಡರೆ ಕಣ್ಣರಳಿಸುವ ಮೆಕ್ಯಾನಿಕ್‌ಗಳಿಗೆ ಈಗ ವಯಸ್ಸಾಗುತ್ತಿದೆ. ಅವರ ಶಾಗಿರ್ದರು ಸ್ಕ್ಯಾನರ್ ಹಿಡಿದು ಹೊಸ ಕಾರುಗಳ ಕಡೆ ಹೋಗಿದ್ದಾರೆ, ಹೊಟ್ಟೆಪಾಡಿಗೆ ಅದು ಸಹಜವೂ ಹೌದು. ಆದ್ದರಿಂದ ತಂದೆಯ ಕಾಲದ ಫಿಯೆಟ್ಟನ್ನು ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿ ಇಟ್ಟವರಲ್ಲಿ ಒಂದು ಮನವಿ. ನೇರವಾಗಿ ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆಯಬೇಡಿ. ಮೊದಲು ಹಳೆಯ ಪೆಟ್ರೋಲ್ ಖಾಲಿ ಮಾಡಿಸಿ, ಪೈಪುಗಳನ್ನು ಬದಲಿಸಿ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಒಂದು ದಿನ ಬಿಟ್ಟ ಮೇಲೆ ಎಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಿ. ಬ್ರೇಕ್ ಪೂರ್ತಿ ಬಿಚ್ಚಿಸಿ ನೋಡದೆ ಗೇಟಿನಿಂದ ಹೊರಗೆ ತರಬೇಡಿ. ಈ ಕೆಲಸಕ್ಕೆ ನಿಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಮನೆಗೇ ಕರೆಸಿ, ಅವರ ದಿನದ ಕೂಲಿ ಕೇಳಿದಷ್ಟು ಕೊಡಿ, ಪಕ್ಕದಲ್ಲಿ ನಿಂತು ಪ್ರತಿಯೊಂದನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಆರ್‌ಸಿಯ ಅವಧಿ ಯಾವಾಗ ಮುಗಿದಿದೆ ಎಂಬುದನ್ನೂ ಅಂದೇ ತೆಗೆದು ನೋಡಿ.